ಮಕ್ಕಳು ಮರಿ ಕಟ್ಟಿಕೊಂಡು ವಸ್ತಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಒಕ್ಕಲು ಮನೆತನಗಳಿಗೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಯಲಿನಲ್ಲಿ ರಾತ್ರಿ ಕಳೆಯುವುದು ಹೊಸ ಹವ್ಯಾಸವೇನೂ ಅಲ್ಲ. ಮಡಚಿ ಇಡುವ ಗುಡಾರಗಳು ಅಂಗಡಿಗೆ ಬರುವುದಕ್ಕೆ ಬಹಳ ಮೊದಲೇ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೋ ಚಕ್ಕಡಿ ಹೂಡಿಕೊಂಡು ಹೊರಟ ಮನೆಮಂದಿ ದಾರಿಯಲ್ಲಿ ‘ವಸ್ತಿ’ ಇಳಿಯುತ್ತಿದ್ದರು. ಅಂದರೆ ಹೊತ್ತು ಮುಳುಗುವ ಮೊದಲೇ ಎತ್ತುಗಳ ಕೊರಳು ಬಿಚ್ಚಿ, ಒಲೆ ಹೂಡಿ, ಕೂಸುಗಳನ್ನು ಮಲಗಿಸಿ, ನಸುಕಿನಲ್ಲಿ ಮತ್ತೆ ನೊಗ ಏರಿಸುವವರೆಗೆ ಅಲ್ಲಿಯೇ ತಂಗುತ್ತಿದ್ದರು. ಜಾತ್ರೆಯ ಈ ಪಯಣವನ್ನು ಭಕ್ತಿಯ ಕಣ್ಣಿನಿಂದ ಬಣ್ಣಿಸುವುದು ವಾಡಿಕೆ. ಆದರೆ ಮೊಲೆಯುಣ್ಣುವ ಕೂಸಿನಿಂದ ಹಿಡಿದು ಓಡಾಡುವ ಪೋರರವರೆಗೆ ಎಲ್ಲರನ್ನೂ ಬಯಲಿನಲ್ಲಿ ಜೋಪಾನವಾಗಿ ಇರಿಸಿಕೊಳ್ಳುವ ಗೃಹವ್ಯವಸ್ಥೆಯೂ ಅದರೊಳಗಿತ್ತು ಎಂಬುದನ್ನು ಗಮನಿಸಿದವರು ಕಡಿಮೆ. ಇಂದು ಕಾರಿನ ಹಿಂಭಾಗದಲ್ಲಿ ಗುಡಾರ ಇಟ್ಟುಕೊಂಡು ಹಿಡಕಲ್ ಜಲಾಶಯದ ಹಿನ್ನೀರಿನ ಕಡೆಗೆ ಹೊರಡುವ ಎಳೆಯ ದಂಪತಿಗಳಿಗೆ ಬೇಕಾದ ತಿಳಿವಳಿಕೆಯ ಬಹುಪಾಲು ಆ ವ್ಯವಸ್ಥೆಯಲ್ಲಿಯೇ ಇದೆ.

ಮೊದಲು ಗಮನಿಸಬೇಕಾದದ್ದು ಕಾಲದ ಆಯ್ಕೆ. ಈ ಭಾಗದವರು ಮನೆಮಂದಿಯೆಲ್ಲ ಹೊರಗೆ ಹೊರಡುವ ದಿನಗಳು ವರ್ಷದ ಒಂದೇ ತುಣುಕಿನಲ್ಲಿ ಒತ್ತೊತ್ತಾಗಿ ಬರುತ್ತವೆ: ಮಾರ್ಗಶಿರದ ಕೊನೆಗೆ ಎಳ್ಳ ಅಮಾವಾಸ್ಯೆ, ಅದರ ಬೆನ್ನಿಗೆ ಸಂಕ್ರಾಂತಿಯ ಹೊಳೆಸ್ನಾನ ಮತ್ತು ಪುಷ್ಯದ ಬನದ ಹುಣ್ಣಿಮೆ, ಮಾಘದಲ್ಲಿ ಭಾರತ ಹುಣ್ಣಿಮೆ. ಆ ಹೊತ್ತಿಗೆ ಮುಂಗಾರಿ ಪೀಕು ಮನೆ ಸೇರಿರುತ್ತದೆ, ಎತ್ತುಗಳಿಗೆ ಮೇವು ಇರುತ್ತದೆ, ಮಳೆ ನಿಂತು ತಿಂಗಳುಗಳಾಗಿ ದಾರಿ ಗಟ್ಟಿಯಾಗಿರುತ್ತದೆ, ಹೊಳೆಯ ನೀರು ಇಳಿದು ತಿಳಿಯಾಗಿರುತ್ತದೆ. ಚಳಿಯ ರಾತ್ರಿಗಳಲ್ಲಿ ಹಾವುಗಳ ಸಂಚಾರವೂ ತಗ್ಗಿರುತ್ತದೆ. ಹುಣ್ಣಿಮೆಯ ಆಸುಪಾಸಿನ ಬೆಳದಿಂಗಳು ಕಂದೀಲಿನ ಎಣ್ಣೆ ಉಳಿಸುವುದರ ಜೊತೆಗೆ ಚಕ್ಕಡಿಯಿಂದ ಇಳಿದು ಆಚೆ ಹೋದ ಮಗು ಎಲ್ಲಿದೆ ಎಂಬುದನ್ನೂ ತೋರಿಸುತ್ತದೆ. ಹಬ್ಬದ ದಿನಗಳನ್ನು ಯಾರೋ ಕೂತು ಮಕ್ಕಳಿಗಾಗಿ ಗೊತ್ತುಮಾಡಿದರು ಎಂದು ಇದರ ಅರ್ಥವಲ್ಲ. ಆದರೆ ಮಳೆಗಾಲದಲ್ಲಿ ಜಲಪಾತ ತುಂಬಿ ಹರಿಯುವಾಗಲೇ ಗುಡಾರ ಹಾಕಬೇಕೆನ್ನುವ ಈಗಿನ ಉಮೇದಿಗೂ, ಬಿಸಿಲು 40 ಡಿಗ್ರಿಯ ಹತ್ತಿರ ಸುಳಿಯುವ ಬೇಸಿಗೆ ರಜೆಯಲ್ಲಿಯೇ ಹೊರಡುವ ಅನಿವಾರ್ಯಕ್ಕೂ ಹೋಲಿಸಿದರೆ, ಎಳ್ಳ ಅಮಾವಾಸ್ಯೆಯಿಂದ ಭಾರತ ಹುಣ್ಣಿಮೆಯವರೆಗಿನ ಅವಧಿಯೇ ಎಳೆಯ ಮಕ್ಕಳಿಗೆ ಎಲ್ಲ ರೀತಿಯಿಂದಲೂ ಹಿತವಾದದ್ದು.

ಗೋಕಾಕದಿಂದ ಯರಗಟ್ಟಿಯ ಮೇಲೆ ಸವದತ್ತಿಗೆ ಸುಮಾರು 70 ಕಿಲೋಮೀಟರ್ ದಾರಿ. ಹುಕ್ಕೇರಿಯ ಕಡೆಯಿಂದಾದರೆ ಇನ್ನೂ ದೂರ. ತುಂಬಿದ ಚಕ್ಕಡಿಯು ತಾಸಿಗೆ ಮೂರು ನಾಲ್ಕು ಕಿಲೋಮೀಟರ್ ಸಾಗುತ್ತದೆಯಾದ್ದರಿಂದ ಎರಡು ಮೂರು ವಸ್ತಿ ತಪ್ಪುತ್ತಿರಲಿಲ್ಲ, ಮತ್ತು ಆ ನಿಧಾನವೇ ಮಕ್ಕಳಿಗೆ ಅನುಕೂಲವಾಗಿತ್ತು. ದೊಡ್ಡ ಮಕ್ಕಳು ಬೇಸರ ಬಂದಾಗ ಇಳಿದು ಗಾಲಿಯ ಪಕ್ಕದಲ್ಲಿ ನಡೆದು, ಕಾಲು ಸೋತಾಗ ಮತ್ತೆ ಹತ್ತಬಹುದಿತ್ತು. ಬಿಸಿಲೇರಿದಾಗ ಮರದಡಿ ಕೊರಳು ಬಿಚ್ಚಿ ಇಳಿಹೊತ್ತಿಗೆ ಮತ್ತೆ ಹೊರಡಬಹುದಿತ್ತು. ಇಡೀ ದಿನ ಸೀಟಿನಲ್ಲಿ ಕಟ್ಟಿ ಕೂರಿಸಿದ ಮಗು ಸಂಜೆ ಗುಡಾರದ ಬಾಗಿಲಲ್ಲಿ ರಂಪ ಮಾಡುವುದಕ್ಕೆ ಹೆತ್ತವರು ಮಗುವಿನ ಹಟವನ್ನು ದೂರುತ್ತಾರೆ. ದೂರಬೇಕಾದದ್ದು ಪ್ರಯಾಣದ ಅವಸರವನ್ನು.

ಚಕ್ಕಡಿಯ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ತಳದ ಹಲಗೆಗಳ ಮೇಲೆ ಮೊದಲು ಕಣಿಕೆ, ಎಂದರೆ ಜೋಳದ ಒಣ ದಂಟಿನ ಮೇವು; ಅದರ ಮೇಲೆ ಹುಲ್ಲು; ಹುಲ್ಲಿನ ಮೇಲೆ ಜಮಖಾನೆಯೋ ಗುಡಾರದ ಹಚ್ಚಡವೋ; ಅದರ ಮೇಲೆ ಕೌದಿ, ಅಂದರೆ ಹಳೆಯ ಸೀರೆಗಳನ್ನು ಪದರು ಪದರಾಗಿ ಜೋಡಿಸಿ ಕೈಹೊಲಿಗೆ ಹಾಕಿದ ಹೊದಿಕೆ. ಬಿದಿರಿನ ಬೆತ್ತಗಳನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ತಟ್ಟಿಯನ್ನೋ ತಾಡಪತ್ರಿಯನ್ನೋ ಹೊದಿಸಿದರೆ ಬಿಸಿಲು ಇಬ್ಬನಿ ಎರಡಕ್ಕೂ ಮರೆಯಾಯಿತು. ಹಿಂದೆ ಮುಂದೆ ತೆರೆದೇ ಇರುವುದರಿಂದ ಗಾಳಿ ಆಡುತ್ತದೆ. ಎತ್ತು ಬಿಚ್ಚಿದ ಮೇಲೆ ಮೂಕಿಯ ಕೆಳಗೆ ಊರುಗೋಲು ಕೊಟ್ಟು ಬಂಡಿಯನ್ನು ಮಟ್ಟವಾಗಿ ನಿಲ್ಲಿಸಿದರೆ ಅದೇ ಮಂಚ, ಗಾಲಿಗಳ ನಡುವೆ ಸೀರೆಯ ಜೋಳಿಗೆ ಕಟ್ಟಿದರೆ ಅದೇ ತೊಟ್ಟಿಲು. ಎತ್ತುಗಳ ಮೇವೇ ಮಕ್ಕಳ ಹಾಸಿಗೆಯೂ ಆದ್ದರಿಂದ ಒಯ್ಯಬೇಕಾದ ಭಾರ ಕಡಿಮೆಯಾಗುತ್ತಿತ್ತು. ಹೋಗುವಾಗ ಮೆತ್ತಗಿದ್ದ ಹಾಸಿಗೆ ಬರುವಾಗ ದಿನದಿನಕ್ಕೆ ತೆಳ್ಳಗಾಗುತ್ತಿದ್ದುದು ಮಾತ್ರ ಅದರ ಬೆಲೆ.

ಈ ಏರ್ಪಾಟಿನ ಅತಿ ಮುಖ್ಯ ಗುಣವೆಂದರೆ ಮಗು ನೆಲದಿಂದ ಮೇಲೆ ಮಲಗುವುದು. ಗಂಡಸರು ಚಕ್ಕಡಿಯ ಕೆಳಗೋ ಒಲೆಯ ಬಳಿಯೋ ಕಂಬಳಿ ಹಾಸಿಕೊಂಡರೂ ಕೂಸು ಮತ್ತು ಬಾಣಂತಿ ಚಕ್ಕಡಿಯ ಮೇಲೆಯೇ ಇರಬೇಕೆಂಬುದು ಹಿರಿಯ ಆಯಿಯರ ಕಟ್ಟಪ್ಪಣೆ, ಮತ್ತು ವೈದ್ಯಶಾಸ್ತ್ರ ಇದನ್ನು ಪೂರ್ತಿ ಒಪ್ಪುತ್ತದೆ. ಕಪ್ಪು ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳಿರುವ ಕಟ್ಟುಹಾವು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದು ಅದರ ವಿಷಯದಲ್ಲಿ ಪದೇ ಪದೇ ಕಂಡುಬರುವ ಸಂಗತಿ, ಮತ್ತು ಕಚ್ಚಿದ ಜಾಗದಲ್ಲಿ ನೋವು ಬಾವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಮಗು ಬೆಳಗಿನ ಜಾವ ಹೊಟ್ಟೆನೋವೆಂದು ಅತ್ತು ರೆಪ್ಪೆ ಎತ್ತಲಾರದೆ ಹೋದಾಗಲೇ ದೊಡ್ಡವರಿಗೆ ಅನುಮಾನ ಬರುವುದು. ಇನ್ನೊಂದು ಕೆಂಪು ಚೇಳು. ಕಲ್ಲು ಗರಸಿನ ಒಣ ಭೂಮಿಯಲ್ಲಿ, ಕಲ್ಲಿನ ಅಡಿಯಲ್ಲಿ, ಸೌದೆಯ ರಾಶಿಯಲ್ಲಿ ಇರುವ ಈ ಚೇಳು ದೊಡ್ಡವರಿಗೆ ಉರಿ ನೋವು ಕೊಟ್ಟು ಬಿಡಬಹುದು, ಆದರೆ ಚಿಕ್ಕ ಮಕ್ಕಳ ಹೃದಯಕ್ಕೇ ಅಪಾಯ ತರಬಲ್ಲದು. ಮಹಾರಾಷ್ಟ್ರದ ಮಹಾಡ್‌ನಲ್ಲಿ ಕೆಲಸ ಮಾಡಿದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇಂಥ ಮಕ್ಕಳನ್ನು ಉಳಿಸಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಆದರೆ ಆ ಮಾತ್ರೆಯನ್ನು ವೈದ್ಯರೇ ಕೊಡಬೇಕು, ಬೇಗನೆ ಕೊಡಬೇಕು. ಕಡಿತದ ನಂತರ ಮಗು ವಿಪರೀತ ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಮಂತ್ರ ಹಾಕಿಸುತ್ತ ಕೂರುವ ಹೊತ್ತಲ್ಲ ಅದು. ಹಾವಿನ ವಿಷಯದಲ್ಲೂ ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ಬಾಯಿಯಿಂದ ಹೀರುವುದು ಯಾವುದೂ ಬೇಡ. ಅಂಗ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ ವಿಷನಿರೋಧಕ ಔಷಧವಿರುವ ಆಸ್ಪತ್ರೆ ಮುಟ್ಟಿಸುವುದೊಂದೇ ದಾರಿ. ಗುಡಾರದಲ್ಲಿ ಮಲಗಿಸುವವರು ನೆಲಹಾಸು ಮತ್ತು ಗೋಡೆ ಒಂದಾಗಿ ಹೊಲಿದ, ಜಿಪ್ ಪೂರ್ತಿ ಮುಚ್ಚುವ ಗುಡಾರವನ್ನೇ ಆರಿಸಬೇಕು. ಮಡಚುವ ಮಂಚವಿದ್ದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಬೂಟು ಚಪ್ಪಲಿಗಳನ್ನು ಕೊಡವಿಯೇ ಮಗುವಿನ ಕಾಲಿಗೆ ತೊಡಿಸಬೇಕು.

ಚಳಿಯ ಮಾತು ಬೇರೆ. ಎಳೆಯ ಮಗುವಿನ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಅದರಲ್ಲೂ ತಲೆಯ ಪಾಲು ದೊಡ್ಡದು. ಆದ್ದರಿಂದ ಅದು ದೊಡ್ಡವರಿಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ, ಬಿಸಿಲಿನಲ್ಲಿ ಬೇಗ ನೀರೂ ಕಳೆದುಕೊಳ್ಳುತ್ತದೆ. ತಲೆ, ಕಿವಿ, ಬೆನ್ನು ಮೂರನ್ನೂ ಒಂದೇ ಬಟ್ಟೆಯಲ್ಲಿ ಮುಚ್ಚುವ ಕುಂಚಿಗೆಯನ್ನು ಈ ಭಾಗದ ಹೆಂಗಸರು ತವರಿನ ಉಡುಗೊರೆಯೆಂದು ಕೊಟ್ಟು ಕಳಿಸುತ್ತಿದ್ದುದು ಚಂದಕ್ಕಾಗಿಯಷ್ಟೇ ಅಲ್ಲ. ಒರಟು ಕುರಿಯುಣ್ಣೆಯ ಕಂಬಳಿಯೂ ಅಷ್ಟೇ: ಇಬ್ಬನಿ ಬಿದ್ದರೆ ಅದು ಮೇಲ್ಮೈಯಲ್ಲೇ ನಿಂತು ಒಳಗಿನ ಮಗು ಒಣಗಿರುತ್ತದೆ. ಹೊಸ ಕಾಲದ ಒಂದು ಅಪಾಯವನ್ನು ಮಾತ್ರ ಹಳೆಯ ವಸ್ತಿ ಅರಿಯದು. ಎರಡೂ ತುದಿ ತೆರೆದ ಚಕ್ಕಡಿಯ ಬಳಿ ಕೆಂಡದ ಶೇಗಡಿ ಇಟ್ಟರೆ ಹೊಗೆ ಹಾರಿಹೋಗುತ್ತಿತ್ತು; ಜಿಪ್ ಎಳೆದ ಗುಡಾರದೊಳಗೆ ಅದೇ ಶೇಗಡಿಯೋ ಗ್ಯಾಸಿನ ಸಣ್ಣ ಒಲೆಯೋ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವನ್ನು ತುಂಬುತ್ತದೆ, ಮಲಗಿದವರಿಗೆ ತಿಳಿಯುವುದೇ ಇಲ್ಲ. ಬೆಂಕಿಯ ಜಾಗ ಎಂದಿಗೂ ಹೊರಗೆ, ಮಕ್ಕಳು ಓಡಾಡುವ ದಾರಿಯಿಂದ ಆಚೆಗೆ.

ಬುತ್ತಿಯ ವಿಚಾರಕ್ಕೆ ಬಂದರೆ ಈ ಮೂರು ತಾಲ್ಲೂಕುಗಳ ಅಡುಗೆಮನೆಗೆ ಹೊರಗಿನವರು ಕಲಿಸಬೇಕಾದದ್ದು ಏನೂ ಇಲ್ಲ. ನೀರಿನಂಶ ತೆಗೆದಷ್ಟೂ ಆಹಾರ ಬಾಳುತ್ತದೆಂಬ ಒಂದೇ ಸೂತ್ರದ ಮೇಲೆ ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ, ಗುರೆಳ್ಳು ಅಗಸಿಯ ಪುಡಿಗಳು ನಿಂತಿವೆ. ಧಾನ್ಯಗಳನ್ನು ಹುರಿದು ಬೀಸಿದ ಅಳ್ಳಿಟ್ಟಿಗೆ ಬೆಲ್ಲ ಮತ್ತು ಬಿಸಿ ಹಾಲು ಕಲಸಿದರೆ ಹಲ್ಲು ಪೂರ್ತಿ ಬಾರದ ಮಗುವಿಗೂ ಕ್ಷಣದಲ್ಲಿ ಊಟ ಸಿದ್ಧ. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ಸಾಕಾದ್ದರಿಂದ, ಮೇಲ್ನೋಟಕ್ಕೆ ಕಷ್ಟವೆನಿಸಿದರೂ, ಬಯಲಿನ ವಸ್ತಿಯಲ್ಲಿ ಉಣಿಸಲು ಅತಿ ಸುಲಭದ ಸದಸ್ಯ ಆ ಕೂಸೇ. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇಡೀ ಶೇಂಗಾ, ಪುಟಾಣಿ, ಹುರಿದ ಕಡಲೆ ಇವು ನಾಲ್ಕು ವರ್ಷದೊಳಗಿನ ಮಕ್ಕಳ ಉಸಿರ್ನಾಳಕ್ಕೆ ಇಳಿಯುವ ವಸ್ತುಗಳಲ್ಲಿ ಮುಂಚೂಣಿಯವು, ಕುಲುಕಾಡುವ ಬಂಡಿಯಲ್ಲೋ ಕಾರಿನಲ್ಲೋ ಬಾಯಿ ತುಂಬಿಕೊಂಡು ನಗುವ ಮಗುವಿಗೆ ಅಪಾಯ ಇನ್ನಷ್ಟು. ಶೇಂಗಾವನ್ನು ಪುಡಿಯಾಗಿ, ಉಂಡಿಯನ್ನು ಮಿದ್ದು ಕೊಡಬೇಕು. ಅಂಟು, ಬೆಲ್ಲ, ಒಣಹಣ್ಣುಗಳಿಂದ ಮಾಡುವ ಗೋಕಾಕದ ಕರದಂಟು ಪ್ರವಾಸದ ತಿನಿಸುಗಳಲ್ಲಿ ರಾಜನೇ ಸರಿ, ಆದರೂ ಅದರೊಳಗಿನ ಇಡೀ ಗೋಡಂಬಿ ಬಾದಾಮಿಗಳನ್ನು ಚೂರು ಮಾಡದೆ ಎರಡು ವರ್ಷದ ಕೈಗೆ ಕೊಡಬಾರದು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುವುದು, ಹೊಳೆಯ ನೀರಾದರೆ ಕುದಿಸಿ ಆರಿಸುವುದು, ಭೇದಿ ಶುರುವಾದರೆ ಒಂದು ಪೊಟ್ಟಣ ಓಆರ್‌ಎಸ್ ಪುಡಿಯನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸುವುದು, ಇಷ್ಟು ತಿಳಿದಿದ್ದರೆ ನಡೆಯುತ್ತದೆ.

ಮಕ್ಕಳೊಂದಿಗೆ ಗುಡಾರವಾಸ ಮಾಡುವುದು ಪಾಶ್ಚಾತ್ಯರಿಂದ ಬಂದ ರೂಢಿಯೆಂದು ಹೇಳುವವರು ಒಂದು ಸ್ವಾರಸ್ಯವನ್ನು ಗಮನಿಸಬಹುದು. ಇಂಗ್ಲೆಂಡಿನಲ್ಲಿ ಹವ್ಯಾಸದ ಗುಡಾರವಾಸಕ್ಕೆ ಮೂಲಪುರುಷನೆನಿಸಿದ, 1901ರಲ್ಲಿ ಸೈಕಲ್ ಸವಾರರ ಗುಡಾರ ಸಂಘ ಕಟ್ಟಿ 1908ರಲ್ಲಿ ಗುಡಾರವಾಸದ ಕೈಪಿಡಿಯನ್ನು ಪ್ರಕಟಿಸಿದ ಥಾಮಸ್ ಹಿರಾಮ್ ಹೋಲ್ಡಿಂಗ್ ಎಂಬ ದರ್ಜಿಗೆ ಆ ರುಚಿ ಹತ್ತಿದ್ದು 1853ರಲ್ಲಿ, ತಂದೆತಾಯಿಯರೊಂದಿಗೆ ಬಾಲಕನಾಗಿ ಅಮೆರಿಕದ ಹುಲ್ಲುಗಾವಲನ್ನು ಬಂಡಿಗಳ ಸಾಲಿನಲ್ಲಿ ದಾಟುವಾಗ. ಅಲ್ಲಿಯೂ ಪಾಠಶಾಲೆ ಬಂಡಿಯೇ. ನಮ್ಮಲ್ಲಿ ‘ಶಿಬಿರ’ ಎಂಬ ಮಾತಿಗೆ ಬಂದ ಶಿಸ್ತಿನ ಅರ್ಥದ ಹಿಂದೆ ಬೇರೆ ಪರಂಪರೆಯಿದೆ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಸ್ಥಾಪಿಸಿದ ಡಾ. ನಾ. ಸು. ಹರ್ಡೀಕರ್ ಅವರ ಹೆಸರು ಗೋಕಾಕ ತಾಲ್ಲೂಕಿನ ಘಟಪ್ರಭಾದೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡಿದೆ. ಆದರೆ ಸೇವಾದಳದ ಶಿಬಿರಗಳು ಯುವಕರವು, ಸ್ವಯಂಸೇವಕರವು; ತೊಟ್ಟಿಲಿನ ಕೂಸಿಗೆ ಅಲ್ಲಿ ಜಾಗವಿರಲಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಈ ಮೂರು ತಾಲ್ಲೂಕುಗಳಲ್ಲಿ ಪ್ರತಿ ವರ್ಷ ಬಯಲಿನಲ್ಲಿ ಅತಿ ಹೆಚ್ಚು ರಾತ್ರಿ ಕಳೆಯುವ ಮಕ್ಕಳು ಪ್ರವಾಸಿಗಳ ಮಕ್ಕಳಲ್ಲ. ಕುರಿಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಹೋಗುವ ಕುರುಬ ಕುಟುಂಬಗಳ ಮಕ್ಕಳು ಕುದುರೆಯ ಬೆನ್ನಿನ ಹೇರಿನ ನಡುವೆ ಎಳೆಯ ಮರಿಗಳ ಜೊತೆ ಕುಳಿತು ಸಾಗುತ್ತಾರೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದೊಡನೆ ದೂರದ ಜಿಲ್ಲೆಗಳಿಂದ ಬರುವ ಕಬ್ಬು ಕಡಿಯುವ ಟೋಳಿಗಳ ಮಕ್ಕಳು ತಿಂಗಳುಗಟ್ಟಲೆ ಗದ್ದೆಯ ಬದಿಯ ಜೋಪಡಿಗಳಲ್ಲಿ ಇರುತ್ತಾರೆ. ಕುರುಬರ ಹಟ್ಟಿಯಲ್ಲಿ ತಲೆಮಾರುಗಳ ತಿಳಿವಳಿಕೆಯಿದೆ, ಅದರಿಂದ ಕಲಿಯಬಹುದು. ಕಬ್ಬಿನ ಜೋಪಡಿಯಲ್ಲಿರುವುದು ಶಾಲೆ ತಪ್ಪಿದ ಮಕ್ಕಳು ಮತ್ತು ಶೌಚಾಲಯವಿಲ್ಲದ ತಾಯಂದಿರು. ಅದನ್ನು ಯಾವ ಗುಡಾರವಾಸದ ಸೊಗಸಿನೊಂದಿಗೂ ಹೋಲಿಸಲಾಗದು. ವಾರಾಂತ್ಯಕ್ಕೆ ಗುಡಾರ ಹಾಕುವವರು ಇಂಥ ಟೋಳಿಯ ಪಕ್ಕದಲ್ಲೇ ಜಾಗ ಹುಡುಕಿಕೊಂಡರೆ ಅವರ ಬೋರವೆಲ್ ಸರದಿಯನ್ನಾದರೂ ಕಸಿಯದಿರುವುದು ಕನಿಷ್ಠ ಸೌಜನ್ಯ.

ಜಾಗದ ಆಯ್ಕೆಯಲ್ಲಿ ಹಳೆಯ ವಸ್ತಿಯು ನೀರಿಗೆ ಹತ್ತಿರ, ಹೊಳೆಯಿಂದ ದೂರ ಎಂಬ ನಿಯಮವನ್ನು ಪಾಲಿಸುತ್ತಿತ್ತು. ಗುಡಿಯ ಅಂಗಳ, ಮಠದ ಮುಂದಿನ ಬಯಲು, ಬಾವಿಯಿರುವ ತೋಟ ಇವು ಇಷ್ಟದ ಜಾಗಗಳು; ಐದಾರು ಚಕ್ಕಡಿಗಳು ಒಂದಕ್ಕೊಂದು ಎದುರಾಗಿ ನಿಂತಾಗ ನಡುವೆ ಉಂಟಾಗುವ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರೆ ಯಾವುದೋ ಒಂದು ಮನೆಯ ಕಾಕಾನೋ ಅತ್ತಿಯೋ ಕಣ್ಣಿಟ್ಟಿರುತ್ತಿದ್ದರು. ಒಬ್ಬಂಟಿ ಗುಡಾರಕ್ಕೆ ಇಲ್ಲದ ರಕ್ಷಣೆ ಇದು. ಈಗ ಜನ ಹುಡುಕುವುದು ಇದಕ್ಕೆ ತದ್ವಿರುದ್ಧವಾದ ಜಾಗವನ್ನು: ಯಾರೂ ಇಲ್ಲದ, ನೀರಿನ ಅಂಚಿನ, ಬೆಳಗ್ಗೆ ಗುಡಾರದ ಬಾಗಿಲು ತೆರೆದರೆ ಅಲೆ ಕಾಣುವ ಜಾಗ.

ಘಟಪ್ರಭಾ ನದಿಯ ವಿಷಯದಲ್ಲಿ ಅಂಥ ಜಾಗದ ಆಯ್ಕೆ ಸರಿಯಲ್ಲ. ಗೋಕಾಕ ಜಲಪಾತದಲ್ಲಿ ನದಿ ಮರಳುಗಲ್ಲಿನ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಮೇಲಿನ ಬಂಡೆಹಾಸು ಒಣಗಿದಾಗ ಅಂಗಳದಂತೆ ಕಂಡರೂ ನೀರು ಹರಿದ ಗುರುತಿರುವಲ್ಲೆಲ್ಲ ಪಾಚಿ ಕಟ್ಟಿರುತ್ತದೆ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತ ಎರಡು ಹಂತಗಳಲ್ಲಿ ಇಳಿಯುವುದರಿಂದ ಮೊದಲ ಹಂತದ ಕೆಳಗೆ ನಿಂತವರಿಗೆ ಮುಂದೆ ಇನ್ನೊಂದು ಇಳಿತವಿರುವುದು ತಟ್ಟನೆ ಹೊಳೆಯುವುದಿಲ್ಲ. ಎರಡೂ ಹಗಲಿನಲ್ಲಿ, ಮಗುವಿನ ಕೈ ಹಿಡಿದು, ಕಟ್ಟೆಯ ಒಳಗಿನಿಂದ ನೋಡಬೇಕಾದ ಜಾಗಗಳು, ರಾತ್ರಿ ತಂಗುವವಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 1977ರಲ್ಲಿ ಪೂರ್ಣಗೊಂಡ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹಳೆಯ ಹುನ್ನೂರಿನ ವಿಠ್ಠಲ ಗುಡಿ ಮೇಲೆ ಬರುತ್ತದೆ, ಅದನ್ನು ನೋಡಲು ಜನ ನೆರೆಯುತ್ತಾರೆ. ಆದರೆ ನೀರು ಸರಿದ ನೆಲ ಮೇಲೆ ಒಣಗಿ ಬಿರಿದಿದ್ದರೂ ಒಳಗೆ ಕೆಸರೇ. ದೊಡ್ಡವರ ಮೊಣಕಾಲು ಹುಗಿಯುವಲ್ಲಿ ಮಗು ಸೊಂಟದವರೆಗೆ ಇಳಿಯುತ್ತದೆ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಾದರೆ ಮೋಡವಿಲ್ಲದ ದಿನವೂ ಬಾಗಿಲು ತೆರೆದಾಗ ನೀರು ಏರುತ್ತದೆ. ಮೂಡಲಗಿ ಭಾಗಕ್ಕೆ ಜಲಪಾತಗಳಿಲ್ಲ, ಆದರೆ ಕಾಲುವೆಗಳಿವೆ. ಕಾಂಕ್ರೀಟು ಹಾಕಿದ ಇಳಿಜಾರು ದಡದ ಕಾಲುವೆಗೆ ಬಿದ್ದ ಮಗುವಿಗೆ ಹಿಡಿದು ಮೇಲೇರಲು ಆಸರೆಯೇ ಸಿಗದಾದ್ದರಿಂದ ಅದು ಹೊಳೆಗಿಂತ ಹೆಚ್ಚು ಮೋಸದ್ದು.

ಧುಪದಾಳದ ವಿಷಯ ಕಾನೂನಿನದು. ಅಲ್ಲಿ ಘಟಪ್ರಭೆಗೆ 1897ರಲ್ಲಿ ಕಟ್ಟಿದ ಒಡ್ಡಿನ ಹಿಂದೆ ನಿಂತ ನೀರು ಮತ್ತು ನಡುಗಡ್ಡೆಗಳನ್ನು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಸಾರಲಾಯಿತು. ಚಳಿಗಾಲದಲ್ಲಿ ಅಲ್ಲಿ ವಲಸೆ ಕೊಕ್ಕರೆ ಕ್ರೌಂಚಗಳು ಇಳಿಯುತ್ತವೆ. ಅವು ಬರುವ ಕಾಲವೂ ಕುಟುಂಬಗಳು ಹೊರಡುವ ಕಾಲವೂ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಪರವಾನಗಿಯಿಲ್ಲದೆ ತಂಗುವಂತಿಲ್ಲ, ಕಸ ಚೆಲ್ಲುವಂತಿಲ್ಲ. ಮಕ್ಕಳಿಗೆ ಹಕ್ಕಿ ತೋರಿಸಲು ಮುಂಜಾವಿನ ಎರಡು ತಾಸು ಸಾಕು.

ಜಾತ್ರೆಯ ದಾರಿಯೂ ಬದಲಾಗಿದೆ. ಚಕ್ಕಡಿಗಳು ಪೂರ್ತಿ ಮರೆಯಾಗಿಲ್ಲವಾದರೂ ಬಹುತೇಕರು ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪತ್ರಿ ಕಟ್ಟಿಕೊಂಡು ಹೋಗುತ್ತಾರೆ, ಒಳಗೆ ಅದೇ ಕೌದಿ, ಅದೇ ಬುತ್ತಿಗಂಟು. ವಸ್ತಿಯ ಸಂಸಾರ ಹಾಗೆಯೇ ಉಳಿದಿದೆ, ವೇಗ ಮಾತ್ರ ಹತ್ತು ಪಟ್ಟು. ಸರಕಿನ ಟ್ರೇಲರಿನಲ್ಲಿ ಮಂದಿಯನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ನಿದ್ದೆಗಣ್ಣಿನ ಚಾಲಕ, ಹಿಂಬದಿ ದೀಪವಿಲ್ಲದ ಟ್ರೇಲರು, ಕತ್ತಲ ಹೆದ್ದಾರಿ ಒಂದಾದರೆ ಏನಾಗುತ್ತದೆ ಎಂಬುದನ್ನು ಜಾತ್ರೆಯ ತಿಂಗಳುಗಳ ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡುತ್ತವೆ. ಸಾಮಾನು ಟ್ರೇಲರಿನಲ್ಲಿ, ತಾಯಿ ಮಕ್ಕಳು ಬಸ್ಸಿನಲ್ಲಿ, ಗುಡ್ಡದ ಕೆಳಗೆ ಎಲ್ಲರೂ ಒಂದೆಡೆ ಸೇರಿ ವಸ್ತಿ ಎಂಬ ಏರ್ಪಾಟನ್ನು ಮಾಡಿಕೊಂಡರೆ ಜಾತ್ರೆಯ ಸೊಗಸೇನೂ ಕಡಿಮೆಯಾಗದು.

ಮೊದಲ ಬಾರಿಗೆ ಮಗುವನ್ನು ಬಯಲಿನಲ್ಲಿ ಮಲಗಿಸಬಯಸುವ ಕುಟುಂಬಗಳು ಜಲಾಶಯವನ್ನೂ ಗುಡ್ಡವನ್ನೂ ಸದ್ಯಕ್ಕೆ ಬಿಟ್ಟು, ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು, ಅಂದರೆ ಬೆಳೆದು ನಿಂತ ಹಿಂಗಾರಿ ಪೀಕಿಗೆ ಎಡೆಯ ಅನ್ನವನ್ನು ಎರಚಿ ಭೂತಾಯಿಯನ್ನು ಪೂಜಿಸಲು, ಹೇಗೂ ಹೊಲಕ್ಕೆ ಹೋಗುವಾಗ ಗುಡಾರವನ್ನೂ ಒಯ್ಯುವುದು ಲೇಸು. ಸ್ವಂತ ಹೊಲವಿಲ್ಲದವರಿಗೆ ನೆಂಟರ ಹೊಲವಿರುತ್ತದೆ. ಅಲ್ಲಿ ಬಾವಿ ಎಲ್ಲಿದೆ, ಹಾವಿನ ಹುತ್ತ ಎಲ್ಲಿದೆ ಎಂಬುದು ಹೊಲದವರಿಗೆ ಗೊತ್ತಿರುತ್ತದೆ. ಮಗು ನಡುರಾತ್ರಿ ಅತ್ತು ಸುಮ್ಮನಾಗದಿದ್ದರೆ ಅರ್ಧ ತಾಸಿನಲ್ಲಿ ಮನೆ ಸೇರಬಹುದು, ಹಾಗೆ ಮರಳಿದರೆ ಸೋಲೇನೂ ಅಲ್ಲ. ಮುಂದಿನ ವರ್ಷಕ್ಕೆ ಮಗು ಒಂದು ವರ್ಷ ದೊಡ್ಡದಾಗಿರುತ್ತದೆ, ಎಲ್ಲಮ್ಮನ ಗುಡ್ಡ ಅಲ್ಲಿಯೇ ಇರುತ್ತದೆ.